ಚೈನೋ ಬೆಲ್ಟೋ

ಹಾರ್ಡ್‌ವೇರ್ ಅಂಗಡಿಯ ಕ್ಯೂನಲ್ಲಿ ನನ್ನ ಮುಂದೆ ನರ್ಸ್ ಸಮವಸ್ತ್ರದ ಹೆಂಡತಿ, ನಿವೃತ್ತ ಗಂಡ. ಗ್ಯಾರೇಜ್ ಬಾಗಿಲು ಎತ್ತುವ ಮೋಟರು ಕೊಳ್ಳಲು ಬಂದಿದ್ದರು; ಚೈನಿನಿಂದ ಎಳೆಯುವುದೋ ಬೆಲ್ಟಿನಿಂದ ಎಳೆಯುವುದೋ ಎಂಬುದೇ ಚರ್ಚೆ. ಕಿವಿ ಮುಚ್ಚಿಕೊಳ್ಳುವಷ್ಟು ಸಭ್ಯ ನಾನಲ್ಲ.

“ಬೆಲ್ಟಿಂದು ತಗೊಳ್ಳೋಣ ರೀ, ಸದ್ದೇ ಇರಲ್ಲ,” ಎಂದರು ಆಕೆ.

“ಚೈನೇ ಗಟ್ಟಿ ಕಣೇ.”

“ನಮ್ಮ ತಗಡಿನ ಬಾಗಿಲಿಗೆ ಬೆಲ್ಟೇ ಧಾರಾಳ ಸಾಕು. ಹಳೇ ಚೈನು ಇಡೀ ಬೀದಿಗೇ ಕೇಳಿಸ್ತಿತ್ತು.”

“ಕೇಳಿಸ್ಲಿ ಬಿಡು. ನೀನು ಬಂದಿದ್ದು ಗೊತ್ತಾಗ್ಬೇಕಲ್ಲ.”

“ಗೊತ್ತಾದ್ರೆ? ಓಡಿ ಬಂದು ಬ್ಯಾಗ್ ಇಸ್ಕೊಳ್ತೀರಾ?”

“ಮನೆ ಅಂದ್ಮೇಲೆ ನಂಗೂ ನೂರೆಂಟು ಕೆಲಸ ಇರತ್ತೆ.”

“ಇರತ್ತೆ, ಇರತ್ತೆ. ಬಾಗಿಲು ಕಿರುಗುಟ್ಟಿದ ಮೇಲೇ ಟೀವಿ ಆಫ್ ಆಗೋದು. ಆಮೇಲೆ ಸಿಂಕಲ್ಲಿ ಪಾತ್ರೆ ಸದ್ದು.”

ಗಂಡ ಪಕ್ಕದಲ್ಲಿ ಜೋಡಿಸಿಟ್ಟಿದ್ದ ಮೋಟರಿನ ಡಬ್ಬದ ಮೇಲಿನ ಅಕ್ಷರಗಳನ್ನು ಓದತೊಡಗಿದರು.

“ನಿಂಗೆ ಯಾರು ಹೇಳಿದ್ದು?”

“ಯಾರು ಹೇಳ್ಬೇಕು? ದಿನಾ ಕಾರಲ್ಲೇ ಕೂತು ಕೇಳಿಸ್ಕೊಳ್ತೀನಲ್ಲ. ನಲ್ಲಿ ನಿಂತ್ಮೇಲೇ ನಾನು ಒಳಗೆ ಬರೋದು.”

“ಅಯ್ಯೋ, ಯಾಕೇ?”

“ಪಾಪ, ಅರ್ಧಕ್ಕೇ ಸಿಕ್ಕಿಬೀಳ್ತೀರಿ ಅಂತ.”

ಅವರ ಸರದಿ ಬಂತು. ಆಕೆಯೇ ಅಂಗಡಿಯವರಿಗೆ ಹೇಳಿದರು: “ಚೈನಿಂದೇ ಕೊಡಿ. ಸದ್ದು ಜೋರಾಗಿರೋದು.”

ಡಬ್ಬ ಹೊತ್ತ ಗಂಡ ಪೆಚ್ಚುನಗೆ ನಗುತ್ತ ಆಕೆಯನ್ನು ಹಿಂಬಾಲಿಸಿದರು.