ಸುರುಳಿಯ ತುದಿ

ಸುತ್ತಿಗೆಯ ಏಟು ತಿಂದ ಹೆಬ್ಬೆರಳನ್ನು ಎತ್ತಿ ಹಿಡಿದುಕೊಂಡು ಬಡಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ, ಒಳಗೆ ಮಲಗಿದ್ದ ಮುದುಕಿಯ ಮಗಳೂ ಸೊಸೆಯೂ ಕಚ್ಚಾಡುತ್ತಿದ್ದರು. ಕಿವಿ ಮುಚ್ಚಿಕೊಳ್ಳೋಣವೆಂದರೆ ಅವನಿಗೆ ಸರಿಯಾಗಿದ್ದದ್ದು ಒಂದೇ ಕೈ.

“ಅಮ್ಮನ ಕಿಡ್ನಿ ಹಾಳಾಗಿದೆ. ಬಂದರಿನ ಕಲ್ಲಿಗೆ ಅಂಟಿರೋ ಬಸವನಹುಳು ತಿನ್ನಿಸಿದೀಯಲ್ಲ, ಬುದ್ಧಿ ಬೇಡ್ವಾ ನಿಂಗೆ?” ಎಂದಳು ಮಗಳು.

“ತಂದಾಗ ಜೀವಂತ ಇದ್ವು ಅತ್ತಿಗೆ. ವಿಷ ಇದ್ದಿದ್ರೆ ಮೊದಲು ಅವೇ ಸಾಯ್ತಿದ್ವು.”

“ಅವು ಸಾಯಲ್ಲ ಕಣೇ. ನೀರಲ್ಲಿರೋ ತಾಮ್ರ, ಕ್ಯಾಡ್ಮಿಯಂ ಎಲ್ಲಾನೂ ಮೈಯೊಳಗಿನ ಪ್ರೋಟೀನು ಕಟ್ಟಿಹಾಕುತ್ತೆ. ಒಂದಷ್ಟನ್ನ ಸಣ್ಣ ಹರಳು ಮಾಡಿ ಬಚ್ಚಿಟ್ಕೊಂಡು ಅವು ಹಾಯಾಗಿರ್ತವೆ. ಹತ್ತು ವರ್ಷದಿಂದ ಲ್ಯಾಬಲ್ಲಿ ನನ್ನ ಕೆಲಸಾನೇ ಅದು.”

“ಎಲ್ಲಿ ಬಚ್ಚಿಡ್ತವೆ?”

“ಚಿಪ್ಪಿನ ಸುರುಳಿಯ ತುದೀಲಿ ಕಪ್ಪಗೆ, ಮೆತ್ತಗೆ ಇರುತ್ತಲ್ಲ, ಅಲ್ಲಿ.”

ಸೊಸೆಯ ದನಿ ಇಳಿಯಿತು. “ಅತ್ತೆಗೆ ಹಲ್ಲಿಲ್ಲ ಅಂತ ಎಲ್ಲರ ತಟ್ಟೆಯಿಂದ ಅದನ್ನೇ ತೆಗೆದು ಅವರಿಗೆ ಹಾಕ್ತಿದ್ದೆ.”

“ಕೈಯಾರೆ ವಿಷ ಹಾಕಿದೀಯ!”

“ಹತ್ತು ವರ್ಷದಿಂದ ಗೊತ್ತಿತ್ತಲ್ಲ. ಒಂದು ದಿನ ಮನೆಗೆ ಬಂದು ಬೊಗಳೋಕೆ ಏನಾಗಿತ್ತು ನಿಮಗೆ?”

ಬಾಗಿಲು ತೆರೆದು ನರ್ಸ್ ಹೊರಬಂದಳು.

“ಅಮ್ಮ ದಿನಾ ಏನೇನು ತಿಂತಾರೆ, ಯಾವ ಮಾತ್ರೆ ತಗೋತಾರೆ, ಡಾಕ್ಟರು ಕೇಳ್ತಿದಾರೆ. ಮಗಳು ಯಾರು?”

ಮಗಳು ತಟ್ಟನೆ ಎದ್ದಳು. “ಅದು...” ಎಂದು ಸೊಸೆಯ ಕಡೆ ತಿರುಗಿದಳು. ನರ್ಸ್ ಪೆನ್ನು ಹಿಡಿದು ಕಾಯುತ್ತಲೇ ಇದ್ದಳು.

“ದಾರಿ ಬಿಡಿ” ಎಂದು ಸೊಸೆ ಅತ್ತಿಗೆಯನ್ನು ದಾಟಿ ಒಳಗೆ ಹೋದಳು.