ಗೌರಿಗೆ ಹಿಡಿಸಿದ ಸಿಲಿಕಾನು

“ನಾಲ್ಕಕ್ಕೆ ಸಾವಿರದಿನ್ನೂರು ಆಯ್ತು,” ಎಂದು ಬೆಟ್ಟಮ್ಮ ಕಿಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಮನೆಯ ಪ್ರಮೀಳಾಗೆ ಚೀಲ ಬಿಚ್ಚಿ ತೋರಿಸಿದರು. ಹಾಲು ಕರೆಯುವ ಮಿಷನ್ನಿನಲ್ಲಿ ಕೆಚ್ಚಲ ತೊಟ್ಟಿಗೆ ತೊಡಿಸುವ ಮೆತ್ತನೆಯ ಕೊಳವೆಗಳು.

“ರಬ್ಬರಿಂದು ಅಗ್ಗ ಅಲ್ವಾ ಬೆಟ್ಟಕ್ಕ?”

“ಅದು ಬೇಗ ಬಿರಿತದೆ ಕಣವ್ವ. ಇದು ಸಿಲಿಕಾನು. ಬಿಸಿನೀರಲ್ಲಿ ಎಷ್ಟು ತೊಳುದ್ರೂ ಮೆತ್ತಗೇ ಇರ್ತದೆ.”

“ನಮ್ಮ ಕುಕ್ಕರ್ ರಿಂಗೂ ಅದೇಯ.”

“ಕುಕ್ಕರು ಒದಿಯಕಿಲ್ವಲ್ಲ! ನೆನ್ನೆ ಕರೆಂಟಿಲ್ಲ ಅಂತ ಕೈಲಿ ಕರಿಯಾಕೋದೆ. ಗೌರಿ ಒದ್ದೇಬುಟ್ಲು.”

“ನೀವೇ ಸಾಕಿದ ಹಸ ನಿಮ್ಮನ್ನಾ?”

“ನನ್ನ ಕೈ ಈಗ ಒರಟಂತೆ ಅವಳಿಗೆ!”

“ಅಂಗಾರೆ ಮಿಷನ್ ಮಾರ್ಬುಡಿ.”

“ಆಮೇಲೆ ಕುಕ್ಕರುಗಾಲಲ್ಲಿ ಕೂತು ಕರಿಯೋಕೆ ನೀನು ಬತ್ತೀಯಾ?”

ಬಸ್ಸು ಬಂತು. ಬೆಟ್ಟಮ್ಮ ಸಲೀಸಾಗಿ ಮೆಟ್ಟಿಲು ಹತ್ತಿ ತಿರುಗಿದರು.

“ಮಿಷನ್ ಬಂದ್ಮೇಲೆ ಮಂಡಿನೋವು ವಾಸಿಯಾಯ್ತು ಕಣವ್ವ. ಗೌರಿ ಮಾತ್ರ ನನ್ನ ಕೈ ಮರ್ತುಬುಟ್ಲು.”