ಹಂದರದ ಕಸ

ಮಕ್ತಲ್ ಬಸ್ ಸ್ಟ್ಯಾಂಡಿನಲ್ಲಿ ನಾರಾಯಣಪೇಟೆ ಬಸ್ಸಿಗೆ ಕಾದು ಕಾದು ನನ್ನ ಸಿಟ್ಟೂ ದಣಿದಿತ್ತು. ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ. ಸೊಸೆಯ ತೊಡೆಯ ಮೇಲೆ ಪರೀಕ್ಷೆಗೆ ಓದುವ ಕಾದಂಬರಿ.

“ಜೋರ್ಲೆ ಓದವಾ ರಜಿತಾ. ಸುಮ್ನ ಕುಂತ್ರ ನಮ್ಮ ಅಂಜಿ ರೈಲು ಹತ್ತಿದ್ದೇ ಕಣ್ಮುಂದ ಬರ್ತೈತಿ.”

“ಇದ್ರಾಗ ಏನೂ ಆಗಂಗಿಲ್ರೀ ಅತ್ತಿ. ಊರೆಲ್ಲಾ ಕೂಡಿ ಒಂದು ಮದುವಿ ಮಾಡ್ತೈತಿ, ಅಷ್ಟೇ.”

“ಮದುವ್ಯಾಗ ಏನೂ ಆಗಂಗಿಲ್ಲೇನು?”

“ಹಂದರ ಯಾರು ಹಾಕಬೇಕಂತ ಜಗಳ. ಒಬ್ಬಾಕಿ ಅಕ್ಕಿ ಆರಿಸ್ತಾ ಕುಂತಿರ್ತಾಳ, ಆಕಿ ಮನಸ್ಸಿನ್ಯಾಗ ಬಂದದ್ದೆಲ್ಲಾ ಪುಟಗಟ್ಟಲೆ ಬರೆದಾರ.”

“ಖರೇ ಐತಿ. ಅಕ್ಕಿ ಆರಿಸೋವಾಗ ಬ್ಯಾಡಾದದ್ದೇ ನೆನಪಾಗ್ತೈತಿ.”

“ಯುದ್ಧ ಬರೋದು ಎಲ್ರಿಗೂ ಗೊತ್ತೈತ್ರಿ. ಯಾರೂ ಆ ಮಾತು ಎತ್ತಂಗಿಲ್ಲ.”

“ನಮ್ಮೂರಂಗ. ರಜಾ ಮುಗಿಯೋಕಿಂತ ಮೊದ್ಲೇ ನನ ಮಗ ಅಂಜೀನ ಬಾರ್ಡರಿಗೆ ಕರೆಸಿದ್ರು. ಯಾರರ ಕೇಳಿದ್ರೇನು? ಇದ್ರಾಗ ಯುದ್ಧ ಯಾವಾಗ ಬರ್ತೈತಿ?”

“ಬರಂಗಿಲ್ರೀ. ಅದರ ಮೊದ್ಲೇ ಪುಸ್ತಕ ಮುಗೀತೈತಿ.”

“ಪುಣ್ಯವಂತ್ರು. ಕಡೀಕ ಏನು ಮಾಡ್ತಾರ?”

“ಮದುವಿ ಮುಗಿದ್ಮ್ಯಾಲ ಹೆಣ್ಮಕ್ಳು ಹಂದರದಾಗಿನ ಕಸ ಹೊಡೀತಾರ.”

ಉಟ್ಕೂರಿನ ಬಸ್ಸು ಬಂತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಸೊಸೆಯ ಭುಜ ಹಿಡಿದು ಎದ್ದಳು.

“ಅವರು ಹೊಡೀಲಿ ಬಿಡವಾ. ಅವರ ಗಂಡಸ್ರು ಇನ್ನಾ ಊರಾಗ ಅದಾರ. ನೀನು ಮಾತ್ರ ನಮ್ಮ ಅಂಜಿ ಮುಟ್ಟೀನಿ ಅಂತ ಫೋನ್ ಮಾಡೋತನ ಮನ್ಯಾಗ ಕಸಬರಿಗಿ ಹಿಡೀಬ್ಯಾಡ.”